ಅಮ್ಮನ ರಿಪೋರ್ಟಿನಲ್ಲಿ 'ಸೆಂಟ್ರೋಮಿಯರ್ ಪ್ಯಾಟರ್ನ್' ಅಂತ ಬಂದಿದೆ, ಇದೇನು?

ಎಂಟನೇ ಕ್ರಾಸ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಮ್ಮನಿಗೆ 56 ವರ್ಷ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮೂವತ್ತು ವರ್ಷದಿಂದ ಹೂವು ಕಟ್ಟಿ ಮಾರುತ್ತಾಳೆ. ಬೆಳಗಿನ ಜಾವ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂವು ತರುತ್ತಾಳೆ, ಐದೂವರೆಗೆ ಕಟ್ಟಲು ಕೂರುತ್ತಾಳೆ. ಬಾಳೆ ನಾರು ನೀರಿನಲ್ಲಿ ನೆನೆದಿರುತ್ತದೆ. ಮಲ್ಲಿಗೆ, ಕಾಕಡ, ಕನಕಾಂಬರ ಎಲ್ಲದಕ್ಕೂ ನೀರು ಚಿಮುಕಿಸಿರುತ್ತಾರೆ. ಎರಡು ಮೂರು ಗಂಟೆ ಹೊತ್ತು ಕೈ ಒದ್ದೆಯಾಗಿಯೇ ಇರುತ್ತದೆ.

ಆರೇಳು ವರ್ಷದಿಂದ ಡಿಸೆಂಬರ್ ಬಂದರೆ ಸಾಕು, ಅಮ್ಮನ ಬೆರಳ ತುದಿ ಬಿಳಿಚಿಕೊಳ್ಳುತ್ತದೆ. ಸುಣ್ಣದಲ್ಲಿ ಅದ್ದಿದ ಹಾಗೆ. ಆಮೇಲೆ ಉಗುರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಿಸಿ ಕಾಫಿ ಲೋಟ ಹಿಡಿದುಕೊಂಡರೆ ಕೆಂಪಗಾಗಿ ಚುರುಚುರು ಅನ್ನುತ್ತದೆ. ನಾವು ರಕ್ತ ಕಮ್ಮಿ ಅಂದುಕೊಂಡೆವು. ಐರನ್ ಮಾತ್ರೆ ಡಬ್ಬಗಟ್ಟಲೆ ತಿಂದಳು. ಈಗ ಡಿಸೆಂಬರ್ ಬೇಕಾಗಿಯೇ ಇಲ್ಲ, ಫ್ರಿಜ್‌ನಿಂದ ಹಾಲಿನ ಪಾಕೆಟ್ ತೆಗೆದರೂ ಅದೇ ಕಥೆ.

ಎರಡು ವರ್ಷದ ಹಿಂದೆ ಬೆರಳು ಊದಿ ಮದುವೆ ಉಂಗುರ ಸಿಕ್ಕಿಹಾಕಿಕೊಂಡಿತು. ಸೋಪು ಆಯಿತು, ಕೊಬ್ಬರಿ ಎಣ್ಣೆ ಆಯಿತು, ದಾರ ಸುತ್ತಿ ಎಳೆಯುವುದೂ ಆಯಿತು. ಕೊನೆಗೆ ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಿದೆವು. ಅಮ್ಮ ಅತ್ತಿದ್ದು ಉಂಗುರಕ್ಕೆ. ಬೆರಳಿನ ಬಗ್ಗೆ ಆಗ ನಮಗ್ಯಾರಿಗೂ ಯೋಚನೆಯೇ ಬರಲಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಬೀಳುವುದಿಲ್ಲ. ಹೂವಿನವರ ಬೆರಳು ಸವೆದಿರುತ್ತದೆ ಬಿಡಿ ಅಂದರು. ಮುದ್ದೆ ನುಂಗಿದರೆ ಎದೆಯಲ್ಲೇ ಕೂರುತ್ತದೆ, ಮೇಲೆ ಎರಡು ಲೋಟ ಸಾರು ಕುಡಿಯಬೇಕು. ರಾತ್ರಿ ಹುಳಿ ತೇಗು. ಕೆನ್ನೆಯಲ್ಲಿ, ಅಂಗೈಯಲ್ಲಿ ಸಣ್ಣ ಕೆಂಪು ಚುಕ್ಕೆ. ಸೊಳ್ಳೆ ಕಡಿದಿದೆ ಅನ್ನುತ್ತಾಳೆ. ಒತ್ತಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಅದ್ಯಾವ ಸೊಳ್ಳೆ ಎರಡು ವರ್ಷ ಕಡಿಯುತ್ತದೆ ಹೇಳಿ? ಮೊದಲು ಏಳು ಗಂಟೆಯೊಳಗೆ ಹದಿನೈದು ಮಾರು ಕಟ್ಟುತ್ತಿದ್ದವಳು ಈಗ ಆರು ಮಾರಿಗೆ ಸುಸ್ತು.

ಹೋದ ತಿಂಗಳು ಬಲಗೈ ತೋರುಬೆರಳ ತುದಿಯಲ್ಲಿ ಹುಣ್ಣಾಯಿತು. ಮೂರು ವಾರವಾದರೂ ಮಾಯಲಿಲ್ಲ. ಶುಗರ್ ನೋಡಿಸಿದೆವು, ನಾರ್ಮಲ್. ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದರೆ, ಅವರು ಉಗುರಿನ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು, ದೀಪ ಇರುವ ಭೂತಗನ್ನಡಿ ಇಟ್ಟು ಹತ್ತೂ ಬೆರಳು ನೋಡಿದರು. ಏನೂ ಹೇಳದೆ ರಕ್ತ ಪರೀಕ್ಷೆಗೆ ಬರೆದರು. ನಾಲ್ಕೂವರೆ ಸಾವಿರ ಆಯಿತು. ರಿಪೋರ್ಟಿನಲ್ಲಿ ಇರುವುದು ಇಷ್ಟು:

ಎಎನ್‌ಎ ಪಾಸಿಟಿವ್, 1:1000, ಸೆಂಟ್ರೋಮಿಯರ್ ಪ್ಯಾಟರ್ನ್. ಪ್ರೊಫೈಲ್‌ನಲ್ಲಿ ಸಿಇಎನ್‌ಪಿ-ಬಿ ಮೂರು ಪ್ಲಸ್. ಎಎಂಎ-ಎಂ2 ಒಂದು ಪ್ಲಸ್. ಎಸ್‌ಸಿಎಲ್-70 ನೆಗೆಟಿವ್. ಮಿಕ್ಕಿದ್ದೆಲ್ಲ ನೆಗೆಟಿವ್.

ಡಾಕ್ಟರ್ ಬಾಯಿಂದ ಬಂದ ಪದ ಸ್ಕ್ಲೀರೋಡರ್ಮಾ, ಚರ್ಮ ಬಿಗಿಯುವ ಕಾಯಿಲೆಯಂತೆ. ಇಂಥ ಕಾಯಿಲೆ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋಗಿ ಅಂದರು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮೂರು ವಾರ ಬಿಟ್ಟು. ಅಷ್ಟರಲ್ಲಿ ನಾನು ರಾತ್ರಿಯೆಲ್ಲ ಮೊಬೈಲಲ್ಲಿ ಓದಿ ನಿದ್ದೆ ಕೆಡಿಸಿಕೊಂಡಿದ್ದೇನೆ. ಎಸ್‌ಸಿಎಲ್-70 ಅನ್ನುವುದೇ ಸ್ಕ್ಲೀರೋಡರ್ಮಾದ ಪರೀಕ್ಷೆ ಅಂತ ಒಂದು ಕಡೆ ಓದಿದೆ. ಅದು ನೆಗೆಟಿವ್ ಅಂದಮೇಲೆ ಅಮ್ಮನಿಗೆ ಕಾಯಿಲೆ ಇಲ್ಲ ಅಂತ ತಾನೇ? ಪಕ್ಕದ ಬೀದಿಯವರು ಒಬ್ಬರು 'ಶ್ವಾಸಕೋಶ ಕಲ್ಲಾಗುತ್ತೆ' ಅಂತ ಬಾಗಿಲಲ್ಲೇ ನಿಂತು ಹೇಳಿ ಹೋದರು. ಅಮ್ಮ ಕೇಳಿಸಿಕೊಂಡಳು.

ಇನ್ನೊಂದು. ನನಗೆ 29. ಆಫೀಸಿನ ಎಸಿಯಲ್ಲಿ ನನ್ನ ಕೈಯೂ ತಣ್ಣಗಾಗುತ್ತದೆ. ಮೂರು ವರ್ಷದ ಮಗಳಿದ್ದಾಳೆ. ಇದು ವಂಶದಲ್ಲಿ ಬರುವಂಥದ್ದಾ?

ಕತ್ತಲೆ ಕೋಣೆ

ಮೊದಲೇ ಹೇಳಿಬಿಡುತ್ತೇನಮ್ಮ, ನಾನು ಡಾಕ್ಟರಲ್ಲ. ಲ್ಯಾಬ್ ಟೆಕ್ನಿಷಿಯನ್ ಆಗಿ 26 ವರ್ಷ ದುಡಿದು ನಿವೃತ್ತನಾದವನು. ಅದರಲ್ಲಿ ಹದಿನಾಲ್ಕು ವರ್ಷ ಇದೇ ಎಎನ್‌ಎ ಸ್ಲೈಡ್ ನೋಡುವುದೇ ಕೆಲಸ. ಕತ್ತಲೆ ಕೋಣೆಯಲ್ಲಿ ಕೂತು ಕೂತು ನನ್ನ ಹೆಸರೇ ಹಾಗಾಯಿತು. ಚಿಕಿತ್ಸೆ ನಿಮ್ಮ ಡಾಕ್ಟರ್ ಹೇಳುತ್ತಾರೆ, ರಿಪೋರ್ಟಿನ ಭಾಷೆ ನಾನು ಹೇಳುತ್ತೇನೆ.

ಗಾಜಿನ ಸ್ಲೈಡ್ ಮೇಲೆ ಹೆಪ್-ಟು ಅನ್ನುವ ಮನುಷ್ಯರ ಕೋಶಗಳನ್ನು ಬೆಳೆಸಿರುತ್ತಾರೆ. ನಿಮ್ಮ ತಾಯಿಯವರ ರಕ್ತದ ಸೀರಂ ತೆಳು ಮಾಡಿ ಅದರ ಮೇಲೆ ಬಿಡುತ್ತೇವೆ. ಅದರಲ್ಲಿ ಕೋಶದ ನ್ಯೂಕ್ಲಿಯಸ್ಸಿಗೆ ಅಂಟುವ ಆಂಟಿಬಾಡಿ (ಮೈ ಕಾಯುವ ಪ್ರೋಟೀನು; ನ್ಯೂಕ್ಲಿಯಸ್ಸಿಗೆ ಅಂಟುವುದಕ್ಕೇ ಎಎನ್‌ಎ ಅನ್ನುವುದು) ಇದ್ದರೆ ಅಂಟಿಕೊಳ್ಳುತ್ತದೆ. ತೊಳೆದು, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ದ್ರವ ಬಿಟ್ಟರೆ ಅಂಟಿಕೊಂಡ ಜಾಗವೆಲ್ಲ ಹಸಿರಾಗಿ ಹೊಳೆಯುತ್ತದೆ. ಎಲ್ಲಿ, ಹೇಗೆ ಹೊಳೆಯಿತು ಅನ್ನುವುದೇ ಪ್ಯಾಟರ್ನ್.

ಸೆಂಟ್ರೋಮಿಯರ್ ನೋಡಲು ಚೆನ್ನ. ಚುಕ್ಕಿ ರಂಗೋಲಿಗೆ ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ಮರೆತ ಹಾಗೆ, ಒಂದೊಂದು ಕೋಶದಲ್ಲೂ ನಲವತ್ತು ಐವತ್ತು ಚುಕ್ಕಿ. ಎರಡಾಗಿ ಒಡೆಯುತ್ತಿರುವ ಕೋಶದಲ್ಲಿ ಅವೇ ಚುಕ್ಕಿಗಳು ನಡುವೆ ಬಂದು ಸಾಲಾಗಿ ನಿಲ್ಲುತ್ತವೆ. ಕ್ರೋಮೋಸೋಮಿನ ಸೊಂಟ ಅಂತ ಇಟ್ಟುಕೊಳ್ಳಿ, ಅದೇ ಸೆಂಟ್ರೋಮಿಯರ್. ಹೊಸದಾಗಿ ಸೇರಿದ ಹುಡುಗರೂ ತಪ್ಪು ಮಾಡದ ಪ್ಯಾಟರ್ನ್ ಇದು. 1980ರಲ್ಲಿ ಇದನ್ನು ಗುರುತಿಸಿದರು. ಪ್ರೊಫೈಲ್ ಅಂದರೆ ಒಂದೊಂದು ಆಂಟಿಬಾಡಿಗೆ ಒಂದೊಂದು ಗೆರೆ ಇರುವ ಪಟ್ಟಿ, ಸ್ಟ್ರಿಪ್. ಅದರ ಸಿಇಎನ್‌ಪಿ-ಬಿ ಅನ್ನುವುದೂ ಅದೇ ಜಾಗದ ಒಂದು ಪ್ರೋಟೀನು. ಸ್ಲೈಡೂ ಸ್ಟ್ರಿಪ್ಪೂ ಒಂದೇ ಮಾತು ಹೇಳಿವೆ. ಹಾಗಾಗಿ ಈ ರಿಪೋರ್ಟನ್ನು ನಂಬಬಹುದು.

1:1000 ಅಂದರೆ ಅಷ್ಟು ತೆಳು ಮಾಡಿದರೂ ಹೊಳೆಯಿತು ಅಂತ. 1:40ರಲ್ಲಿ ನೋಡಿದರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲಿ ಮೂವತ್ತು ಜನಕ್ಕೆ ಪಾಸಿಟಿವ್ ಬರುತ್ತದೆ. 1:160ಕ್ಕೆ ಹೋದರೆ ಐದು ಜನ. ಬರೀ 'ಎಎನ್‌ಎ ಪಾಸಿಟಿವ್' ಅಂತ ಓದಿ ಹೆದರುವವರಿಗೆ ನಾನು ಇದನ್ನೇ ಹೇಳುತ್ತಿದ್ದೆ. ನಿಮ್ಮ ತಾಯಿಯವರದು ಆ ಲೆಕ್ಕಕ್ಕೆ ಬರುವುದಿಲ್ಲ. ಬೆರಳು, ಹುಣ್ಣು, ಮುದ್ದೆ ಕೂರುವುದು ಎಲ್ಲಾ ಇದಕ್ಕೆ ಹೊಂದುತ್ತದೆ.

ಈಗ ಎಸ್‌ಸಿಎಲ್-70 ವಿಷಯ. ಅದು ನೆಗೆಟಿವ್ ಅಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಸ್ಕ್ಲೀರೋಡರ್ಮಾಕ್ಕೆ ಹಲವು ಆಂಟಿಬಾಡಿ ಇವೆ. ಮಜಾ ಏನೆಂದರೆ, ಸಾಮಾನ್ಯವಾಗಿ ಒಬ್ಬರಲ್ಲಿ ಒಂದೇ ಇರುತ್ತದೆ. ಇವತ್ತು ಸೆಂಟ್ರೋಮಿಯರ್, ಐದು ವರ್ಷ ಬಿಟ್ಟು ಎಸ್‌ಸಿಎಲ್-70 ಅಂತ ಬದಲಾಗುವುದು ತೀರಾ ಅಪರೂಪ. ಅದಕ್ಕೇ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಿ ದುಡ್ಡು ಕಳೆಯಬೇಡಿ.

ಎಸ್‌ಸಿಎಲ್-70 ಅಂಟುವುದು ಟೋಪೋಐಸೋಮರೇಸ್ ಅನ್ನುವ ಕಿಣ್ವಕ್ಕೆ. ದಾರ ಹೊಸೆಯುತ್ತಾ ಹೋದರೆ ಮುರಿ ಜಾಸ್ತಿಯಾಗಿ ಸಿಕ್ಕು ಬೀಳುತ್ತದಲ್ಲ, ಡಿಎನ್‌ಎಯಲ್ಲಿ ಬೀಳುವ ಅಂಥ ಸಿಕ್ಕನ್ನು ಬಿಡಿಸುವ ಕಿಣ್ವ ಅದು. 70 ಅನ್ನುವುದು ಪ್ರೋಟೀನಿನ ತೂಕ. ಅದೂ ತಪ್ಪು ತೂಕ. ಆಗ ಅವರ ಕೈಗೆ ಸಿಕ್ಕಿದ್ದು ಮುರಿದ ತುಂಡು, ಪೂರ್ತಿ ಪ್ರೋಟೀನು 100ರ ಹತ್ತಿರ ತೂಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಚರ್ಮ ಮೊಣಕೈ ದಾಟಿ ತೋಳು, ಎದೆವರೆಗೂ ಬಿಗಿಯುವುದು, ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ನಾರು ಕಟ್ಟುವುದು ಈ ಗುಂಪಿನಲ್ಲಿ ಜಾಸ್ತಿ. ನಿಮ್ಮ ಪಕ್ಕದ ಬೀದಿಯವರು ಹೇಳಿದ್ದು ಅದನ್ನು ಅಂತ ಕಾಣುತ್ತದೆ.

ಸೆಂಟ್ರೋಮಿಯರ್ ಇರುವವರಲ್ಲಿ ಚರ್ಮ ಬಿಗಿಯುವುದು ಹೆಚ್ಚಾಗಿ ಬೆರಳು, ಮುಂಗೈ, ಮುಖಕ್ಕೆ ನಿಲ್ಲುತ್ತದೆ. ನಿಧಾನದ ಕಾಯಿಲೆ. ಇವರ ತಲೆನೋವು ರಕ್ತನಾಳದ್ದು: ಬೆರಳ ಹುಣ್ಣು, ಕೆಲವರಿಗೆ ಬೆರಳಲ್ಲಿ ಸುಣ್ಣದಂಥ ಗಂಟು, ಮತ್ತೆ ಹತ್ತಾರು ವರ್ಷವಾದಮೇಲೆ ಕೆಲವರಿಗೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವುದು. ಅದಕ್ಕೆ ವರ್ಷಕ್ಕೊಮ್ಮೆ ಎಕೋ, ಉಸಿರಿನ ಪರೀಕ್ಷೆ ಬರೆಯುತ್ತಾರೆ. ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬರುತ್ತಿದೆಯಾ ನೋಡಿಕೊಳ್ಳಿ. ಸಂಪಿಗೆ ರಸ್ತೆ ಮೆಟ್ರೋ ಮೆಟ್ಟಿಲೇ ಸಾಕು, ಬೇರೆ ಮೆಷೀನ್ ಬೇಡ.

ಆ ಎಂ2 ಒಂದು ಪ್ಲಸ್ ಅನ್ನು ಡಾಕ್ಟರಿಗೆ ಮರೆಯದೆ ತೋರಿಸಿ. ಅದು ಪಿತ್ತಜನಕಾಂಗದ ಸಣ್ಣ ಪಿತ್ತನಾಳಗಳ ಒಂದು ಕಾಯಿಲೆಯ ಗುರುತು. ಸೆಂಟ್ರೋಮಿಯರ್ ಇರುವವರಲ್ಲಿ ಅದೂ ಜೊತೆಗೆ ಬರುವುದುಂಟು. ಎಎಲ್‌ಪಿ ಅಂತ ಒಂದು ಅಗ್ಗದ ರಕ್ತ ಪರೀಕ್ಷೆ ಇದೆ, ಕೇಳಿ ಮಾಡಿಸಿ. ಒಂದು ಪ್ಲಸ್ ಅಂದರೆ ಗಾಬರಿ ಬೇಡ. ಒಮ್ಮೆ ಬೆನ್ನುನೋವಿಗೆ ಬಂದ ಯಜಮಾನರೊಬ್ಬರ ಸ್ಟ್ರಿಪ್ಪಿನಲ್ಲಿ ಎಸ್‌ಸಿಎಲ್-70 ಒಂದು ಪ್ಲಸ್ ಬಂದಿತ್ತು. ಸ್ಲೈಡ್ ಪೂರ್ತಿ ಕಪ್ಪು, ಚರ್ಮ ಮೆತ್ತಗೆ, ಬೆರಳು ಬೆಚ್ಚಗೆ. ಅವರು ಅಷ್ಟರಲ್ಲಿ ಇಂಟರ್ನೆಟ್ ಓದಿ ವಿಲ್ ಬರೆಸಿದ್ದರು. ಸ್ಟ್ರಿಪ್ಪಿನ ಮಸುಕು ಗೆರೆಯನ್ನು ರೋಗಿಯ ಕೈ ಮುಟ್ಟಿ ನೋಡದೆ ನಂಬಬಾರದು.

ಹಿತೈಷಿ

ಸುಮ್ನೆ ಹೆದರಿಸಬೇಡಿ ಸಾರ್ ಹುಡುಗಿಯನ್ನು. ಇದೆಲ್ಲ ವಾಯು. ನಮ್ಮ ಚಿಕ್ಕಪ್ಪನಿಗೂ ಕೈ ಬೆರಳು ಊದಿತ್ತು, ಹತ್ತು ದಿನ ಪ್ರೆಡ್ನಿಸೋಲೋನ್ ತಗೊಂಡರು, ಈಗ ಆರಾಮಾಗಿ ಓಡಾಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ಮೂರು ವಾರ ಯಾಕೆ ಕಾಯಬೇಕು?

ತುಮಕೂರು ರಸ್ತೆ

ಹಿತೈಷಿಯವರೇ, ದಯವಿಟ್ಟು ಆ ಮೇಲಿನ ಸಾಲು ತೆಗೆಯಿರಿ. ಕೋಪದಿಂದ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ.

2019ರಲ್ಲಿ ನಮ್ಮ ಅತ್ತಿಗೆಗೆ ಕೀಲುನೋವು, ಕೈ ಊತ ಶುರುವಾಯಿತು. ಮೂರು ತಿಂಗಳಲ್ಲಿ ಚರ್ಮ ಮೊಣಕೈ ದಾಟಿ ಬಿಗಿಯಿತು. ಸೀರೆ ಸೆರಗು ಹೆಗಲ ಮೇಲೆ ಎತ್ತಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಒಂದು ಕಡೆ ತೋರಿಸಿದೆವು, ಹೆಸರು ಬೇಡ. ಸಂಧಿವಾತ ಅಂತ ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೋಲೋನ್ ಬರೆದರು. ನೋವು ಹೋಯಿತು, ನಮಗೆಲ್ಲ ಖುಷಿ. ಮೂರನೇ ವಾರ ಸಿಡಿಯುವ ತಲೆನೋವು, ಕಣ್ಣು ಮಂಜು. ಯಾವತ್ತೂ 110/70 ಇರುತ್ತಿದ್ದ ಬಿಪಿ 200/110. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.8 ಇದ್ದದ್ದು 4.6.

ಇದಕ್ಕೆ ಸ್ಕ್ಲೀರೋಡರ್ಮಾ ರೀನಲ್ ಕ್ರೈಸಿಸ್ ಅಂತ ಹೆಸರು. ಕಿಡ್ನಿಯ ಸಣ್ಣ ರಕ್ತನಾಳಗಳು ಬಿಗಿದು ಮುಚ್ಚುತ್ತವೆ. ಚರ್ಮ ಬೇಗ ಬೇಗ ಬಿಗಿಯುತ್ತಿರುವವರಿಗೆ ಮೊದಲ ಕೆಲವು ವರ್ಷ ಇದರ ಭಯ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ದಿನಕ್ಕೆ 15 ಮಿ.ಗ್ರಾಂ ಮೇಲೆ ಹೋದರೆ ಆ ಭಯ ಇನ್ನೂ ಜಾಸ್ತಿ. ಎನಾಲಪ್ರಿಲ್, ಕ್ಯಾಪ್ಟೊಪ್ರಿಲ್ ಇವೆಯಲ್ಲ, ಎಸಿಇ ಇನ್‌ಹಿಬಿಟರ್ ಅನ್ನುವ ಬಿಪಿ ಮಾತ್ರೆಗಳು, ಅವು ಬರುವ ಮೊದಲು ಹೀಗಾದ ನೂರು ಜನರಲ್ಲಿ ಒಂದು ವರ್ಷ ದಾಟುತ್ತಿದ್ದವರು 15 ಜನ. ಅವು ಬಂದಮೇಲೆ 76. ಈ ಲೆಕ್ಕವನ್ನು ಕಿಡ್ನಿ ಡಾಕ್ಟರ್ ನನಗೆ ಚೀಟಿಯ ಹಿಂದೆ ಬರೆದು ತೋರಿಸಿದರು. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಅತ್ತಿಗೆಗೆ ಎನಾಲಪ್ರಿಲ್ ಏರಿಸುತ್ತಾ ಹೋದರು. ಒಂಬತ್ತು ತಿಂಗಳು ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಮೇಲೆ ಕಿಡ್ನಿ ನಿಧಾನಕ್ಕೆ ಚೇತರಿಸಿಕೊಂಡು ಅದನ್ನು ನಿಲ್ಲಿಸಿದರು.

ಕತ್ತಲೆ ಕೋಣೆ ಸಾರ್‌ಗೆ ಒಂದು ಪ್ರಶ್ನೆ. ಅತ್ತಿಗೆಯ ಪ್ರೊಫೈಲ್ ಸ್ಟ್ರಿಪ್ ಪೂರ್ತಿ ಖಾಲಿ ಇತ್ತು. ಎಸ್‌ಸಿಎಲ್-70 ಇಲ್ಲ, ಸೆಂಟ್ರೋಮಿಯರ್ ಇಲ್ಲ. ಅದನ್ನು ನೋಡಿಯೇ ಮೊದಲನೆಯವರು ಸ್ಕ್ಲೀರೋಡರ್ಮಾ ಅಲ್ಲ ಅಂದಿದ್ದು. ಆಮೇಲೆ ಬೇರೆ ಪರೀಕ್ಷೆಯಲ್ಲಿ ಆರ್‌ಎನ್‌ಎ ಪಾಲಿಮರೇಸ್-3 ಅಂತ ಬಂತು. ಮೊದಲೇ ಯಾಕೆ ಸಿಗಲಿಲ್ಲ?

ಕತ್ತಲೆ ಕೋಣೆ

ಸಾಮಾನ್ಯವಾಗಿ ಮಾಡಿಸುವ ಎಎನ್‌ಎ ಪ್ರೊಫೈಲ್ ಸ್ಟ್ರಿಪ್ಪಿನಲ್ಲಿ ಬಹಳ ಸಲ ಆರ್‌ಎನ್‌ಎ ಪಾಲಿಮರೇಸ್-3 ಗೆರೆಯೇ ಇರುವುದಿಲ್ಲ. ಇಲ್ಲದ ಗೆರೆ ಹೇಗೆ ಪಾಸಿಟಿವ್ ಬರಬೇಕು? ಸ್ಕ್ಲೀರೋಡರ್ಮಾಕ್ಕೇ ಅಂತ ಬೇರೆ ಸ್ಟ್ರಿಪ್ ಇದೆ, ಅದರಲ್ಲಿ ಇದೂ ಇರುತ್ತದೆ, ಫಿಬ್ರಿಲರಿನ್, ಟಿಎಚ್/ಟಿಓ ಅಂಥವೂ ಇರುತ್ತವೆ. ಕೇಳಿ ಬರೆಸಿಕೊಳ್ಳಬೇಕು. ಕಿಡ್ನಿ ತೊಂದರೆಗೆ ಹೆಚ್ಚು ನಂಟಿರುವುದು ಈ ಪಾಲಿಮರೇಸ್-3ಕ್ಕೇ. ಈ ಆಂಟಿಬಾಡಿ ಇರುವ ಕೆಲವರಿಗೆ ಕಾಯಿಲೆ ಶುರುವಾದ ಆಸುಪಾಸಿನಲ್ಲೇ ಕ್ಯಾನ್ಸರ್ ಕೂಡ ಸಿಗುವುದರಿಂದ ಡಾಕ್ಟರುಗಳು ಅದನ್ನೂ ಹುಡುಕುತ್ತಾರೆ.

ತುಮಕೂರು ರಸ್ತೆ

ಹೌದು ಸಾರ್, ಮ್ಯಾಮೋಗ್ರಾಮ್ ಮಾಡಿಸಿದರು. ಯಾಕೆ ಅಂತ ಆಗ ಯಾರೂ ಹೇಳಿರಲಿಲ್ಲ. ಏನೂ ಇರಲಿಲ್ಲ, ದೇವರ ದಯೆ.

ಕತ್ತಲೆ ಕೋಣೆ

ಎಂಟನೇ ಕ್ರಾಸ್‌ನವರೇ, ಸೆಂಟ್ರೋಮಿಯರ್ ಇರುವವರಲ್ಲಿ ಈ ಕಿಡ್ನಿ ತೊಂದರೆ ಅಪರೂಪ. ಅದನ್ನು ಓದಿ ಇವತ್ತೂ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಿಸಬೇಡಿ, ಅಷ್ಟೇ. ಈಗಾಗಲೇ ತಗೊಳ್ಳುತ್ತಿರುವವರು ಇದನ್ನು ಓದಿದರೆ, ತಾವಾಗೇ ದಿಢೀರ್ ಅಂತ ನಿಲ್ಲಿಸುವುದೂ ಬೇಡ. ಡಾಕ್ಟರನ್ನು ಕೇಳಿ.

ಹಿತೈಷಿ

ಕ್ಷಮಿಸಿ. ಗೊತ್ತಿರಲಿಲ್ಲ.

ಗ್ಲೌಸ್ ಟೀಚರ್

ಆ ಪಕ್ಕದ ಬೀದಿಯವರು ಹೇಳಿದ ಜಾತಿ ನನ್ನದು. ಎಸ್‌ಸಿಎಲ್-70, 2016ರಿಂದ. ಇನ್ನೂ ಇದ್ದೇನೆ, ಜಯನಗರದಿಂದ ಬಸ್ ಹತ್ತಿ ಶಾಲೆಗೆ ಹೋಗಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ನಿಮ್ಮಮ್ಮನಿಗೆ ಇದನ್ನು ಓದಿ ಹೇಳಿ.

ನನಗೆ ಎಲ್ಲಾ ಜೋರಾಗಿ ಬಂತು. ಜೂನ್‌ನಲ್ಲಿ ಬೆರಳು ಊದಿದ್ದು, ದಸರಾ ಹೊತ್ತಿಗೆ ಎದೆಯ ಚರ್ಮ ಕೂಡ ಚಿವುಟಲು ಸಿಗುತ್ತಿರಲಿಲ್ಲ. ಮುಖ ಬಿಗಿದು ಸುಕ್ಕೆಲ್ಲ ಹೋಯಿತು. ಮದುವೆ ಮನೆಯಲ್ಲಿ ನೆಂಟರೊಬ್ಬರು 'ಏನೇ, ದಿನದಿಂದ ದಿನಕ್ಕೆ ಚಿಕ್ಕವಳಾಗ್ತಿದ್ದೀಯಾ, ಯಾವ ಕ್ರೀಮು?' ಅಂದರು. ಆ ಕ್ರೀಮಿನ ಬೆಲೆ ಹೇಳಿದ್ದರೆ ಓಡಿಹೋಗುತ್ತಿದ್ದರು. ಆಮೇಲೆ ಕತ್ತಿನ ಹತ್ತಿರ, ಕಿವಿಯ ಹಿಂದೆ ಬಣ್ಣ ಹೋಗಿ, ಕೂದಲ ಬುಡದಲ್ಲಿ ಮಾತ್ರ ಕಪ್ಪು ಉಳಿದು, ಉಪ್ಪು ಮೆಣಸಿನ ಪುಡಿ ಬೆರೆಸಿ ಉದುರಿಸಿದ ಹಾಗಾಯಿತು. ಇದು ಸ್ಕ್ಲೀರೋಡರ್ಮಾದ ಗುರುತು, ನಮ್ಮಂಥ ಬಣ್ಣದವರಲ್ಲಿ ಎದ್ದು ಕಾಣುತ್ತದೆ. ಸ್ಟಾಫ್ ರೂಮಿನಲ್ಲಿ ತೊನ್ನು ಅಂದುಕೊಂಡರು. ಒಬ್ಬರು ನನ್ನ ಲೋಟ ಬೇರೆ ಇಟ್ಟರು. ತೊನ್ನೂ ಅಂಟುವುದಿಲ್ಲ, ಇದೂ ಅಂಟುವುದಿಲ್ಲ. ನಿಮ್ಮಮ್ಮನ ಕೆಂಪು ಚುಕ್ಕೆ ನೋಡಿ ಹೂವು ಕೊಳ್ಳುವವರು ಯಾರಾದರೂ ಮುಖ ಸಿಂಡರಿಸಿದರೆ ಹಾಗೇ ಹೇಳಿ.

ಡಾಕ್ಟರುಗಳು ಮೈಮೇಲೆ 17 ಜಾಗದಲ್ಲಿ ಚರ್ಮ ಚಿವುಟಿ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತಾರೆ. ಒಟ್ಟು 51. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದರೆ ಅಳಬೇಕಾದ ಒಂದೇ ಪರೀಕ್ಷೆ ಇದು. ನನಗೆ 29 ಬಂದಿತ್ತು. ಈಗ 11. ಯಾರೂ ನನಗೆ ಮೊದಲೇ ಹೇಳದಿದ್ದ ವಿಷಯ ಇದು: ನನ್ನಂಥವರಲ್ಲಿ ಚರ್ಮ ಮೊದಲ ಮೂರು ನಾಲ್ಕು ವರ್ಷ ಬಿಗಿದು, ಆಮೇಲೆ ಬಹಳ ಜನಕ್ಕೆ ತಾನಾಗೇ ಮೆತ್ತಗಾಗುತ್ತಾ ಬರುತ್ತದೆ. ಶ್ವಾಸಕೋಶ ಹಾಗಲ್ಲ, ಅಲ್ಲಿ ಆದ ಕಲೆ ಹೋಗುವುದಿಲ್ಲ. ಎಚ್‌ಆರ್‌ಸಿಟಿ ಸ್ಕ್ಯಾನಿನಲ್ಲಿ ಎರಡೂ ಕಡೆ ಬುಡದಲ್ಲಿ ಕಂಡಿತು, ಉಸಿರಿನ ಪರೀಕ್ಷೆಯಲ್ಲಿ 64 ಪರ್ಸೆಂಟ್. ಮೈಕೋಫಿನೋಲೇಟ್ ಅನ್ನುವ ಔಷಧಿ ಶುರುಮಾಡಿದರು. ಈಗ 68ರಲ್ಲಿ ನಿಂತಿದೆ. ಕಲ್ಲಾಗಿಲ್ಲ. ಈಗ ನಿಂಟೆಡಾನಿಬ್ ಅಂತ ಇನ್ನೊಂದು ಔಷಧಿಯೂ ಇದೆ, ನನಗೆ ಸದ್ಯ ಬೇಕಾಗಿಲ್ಲ.

ಒಂದು ವಿಷಯ ಬರೆದಿಟ್ಟುಕೊಳ್ಳಿ. ಕೋವಿಡ್ ಸಮಯದಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ನನಗೆ 79 ತೋರಿಸಿತು. ಮನೆಯವರು ಬೆಡ್‌ಗಾಗಿ ಊರೆಲ್ಲ ಫೋನ್ ಮಾಡಿದರು. ನಾನು ಆರಾಮಾಗಿ ಉಪ್ಪಿಟ್ಟು ತಿನ್ನುತ್ತಿದ್ದೆ. ಕೊನೆಗೆ ನರ್ಸ್ ಒಬ್ಬರು ಅದನ್ನು ಕಿವಿಯ ಹಾಲೆಗೆ ಸಿಕ್ಕಿಸಿದರೆ 97. ನಮ್ಮ ಬೆರಳಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ, ಮೆಷೀನು ಬೆರಳನ್ನು ನೋಡಿ ಸುಳ್ಳು ಹೇಳುತ್ತದೆ. ನಿಮ್ಮಮ್ಮ ಎಂದಾದರೂ ಆಸ್ಪತ್ರೆಗೆ ಸೇರಿದರೆ ಮೊದಲು ಇದನ್ನು ಹೇಳಿ.

ರಾತ್ರಿ ಹುಳಿ ತೇಗಿಗೆ ದಿಂಬು ಜಾಸ್ತಿ ಇಡಬೇಡಿ, ಕತ್ತು ನೋವು ಬರುತ್ತದೆ. ಮಂಚದ ತಲೆಯ ಕಡೆ ಕಾಲಿಗೆ ಇಟ್ಟಿಗೆ ಕೊಡಿ. ಊಟ ಏಳಕ್ಕೆ ಮುಗಿಸಿ. ಮುದ್ದೆ ಬಿಡಲು ಹೇಳಬೇಡಿ, ಅಂಬಲಿ ಮಾಡಿಕೊಡಿ.

ಚಿತ್ರಕಲೆಯವಳಾದ್ದರಿಂದ ಇದೊಂದು ಹೇಳದೆ ಇರಲಾರೆ. ಪೌಲ್ ಕ್ಲೇ ಅನ್ನುವ ಕಲಾವಿದನಿಗೆ ಇದೇ ಕಾಯಿಲೆ ಇತ್ತು ಅಂತ ಅವನು ಸತ್ತಮೇಲೆ ಗುರುತಿಸಿದರು. 1935ರಲ್ಲಿ ಶುರುವಾಯಿತು. 1936ರಲ್ಲಿ ಇಡೀ ವರ್ಷ ಮಾಡಿದ್ದು 25 ಚಿತ್ರ. 1939ರಲ್ಲಿ ಸಾವಿರದ ಇನ್ನೂರಕ್ಕೂ ಜಾಸ್ತಿ! ಗೆರೆಗಳು ದಪ್ಪ ದಪ್ಪ ಆದವು. ತೀರಿಕೊಂಡದ್ದು 1940ರ ಜೂನ್ 29. ಆ ದಿನವೇ ಈಗ ವಿಶ್ವ ಸ್ಕ್ಲೀರೋಡರ್ಮಾ ದಿನ. ನಾನೂ ಈಗ ಸಣ್ಣ ಬ್ರಷ್ ಮುಟ್ಟುವುದಿಲ್ಲ.

ಹಲ್ಲು ಡಾಕ್ಟ್ರು

ಒಂದೇ ಮಾತು. ನಿಮ್ಮ ತಾಯಿ ಎಲೆಅಡಿಕೆ ಹಾಕುತ್ತಾರಾ? ಸ್ಕ್ಲೀರೋಡರ್ಮಾದಲ್ಲಿ ತುಟಿಯ ಸುತ್ತ ಬಿಗಿದು ಬಾಯಿ ಚಿಕ್ಕದಾಗುತ್ತದೆ. ಅಡಿಕೆಯಿಂದಲೂ ಬಾಯಿ ತೆರೆಯಲು ಆಗದ ಹಾಗಾಗುತ್ತದೆ, ಆದರೆ ಅದರಲ್ಲಿ ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿ ಸಿಗುತ್ತದೆ. ಎರಡೂ ಇದ್ದರೆ ಕಷ್ಟ. ಹೊಗೆಸೊಪ್ಪು ಸೇರಿಸುತ್ತಿದ್ದರೆ ಇವತ್ತೇ ಬಿಡಿಸಿ, ಅದು ಬೆರಳಿನ ರಕ್ತನಾಳವನ್ನೂ ಬಿಗಿಯುತ್ತದೆ.

ಎಂಟನೇ ಕ್ರಾಸ್ ಹುಡುಗಿ

ಮೂರು ವಾರವಾಯಿತು. ನಿನ್ನೆ ಹೋಗಿಬಂದೆವು. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ರುಮಟಾಲಜಿಸ್ಟ್ ಮೇಡಂ ಮೊದಲು ರಿಪೋರ್ಟ್ ಕೇಳಲೇ ಇಲ್ಲ. ಅಮ್ಮನ ಕೈ ತಮ್ಮ ಕೈಯಲ್ಲಿ ಹಿಡಿದುಕೊಂಡು ಐದು ನಿಮಿಷ ಕೂತರು. 'ಎಷ್ಟು ಮಾರು ಕಟ್ಟುತ್ತೀರಿ?' ಅಂತ ಕೇಳಿದರು. ಅಮ್ಮ ಅಲ್ಲಿಗೇ ಅವರ ಕಡೆ ಸೇರಿಬಿಟ್ಟಳು. ಆಮೇಲೆ ಕಾಗದದ ಮೇಲೆ ಅಂಕ ಕೂಡಿದರು. 2013ರಲ್ಲಿ ಅಮೆರಿಕ, ಯುರೋಪಿನ ರುಮಟಾಲಜಿ ಸಂಘಗಳು ಸೇರಿ ಮಾಡಿದ ಪಟ್ಟಿಯಂತೆ. ಬೆರಳು ಬಿಳಿಚುವುದಕ್ಕೆ, ಅಂದರೆ ರೇನೋಗೆ, 3. ಆಂಟಿಬಾಡಿಗೆ 3. ಊದಿದ ಬೆರಳಿಗೆ 2, ತುದಿಯ ಹುಣ್ಣಿಗೆ 2, ಕೆಂಪು ಚುಕ್ಕೆಗೆ 2, ಉಗುರಿನ ಬುಡದ ರಕ್ತನಾಳ ಹಿಗ್ಗಿರುವುದಕ್ಕೆ 2. ಒಟ್ಟು 14. ಒಂಬತ್ತು ಬಂದರೆ ಸಾಕಂತೆ. 'ಪಾಸಾದೆನಾ?' ಅಂತ ಅಮ್ಮ ಕೇಳಿದಳು. ಮೇಡಂಗೆ ನಗು ತಡೆಯಲಾಗಲಿಲ್ಲ.

ಮೊಣಕೈ ಮೇಲೆ ಚರ್ಮ ಮೆತ್ತಗಿದೆ, ಹಾಗಾಗಿ ಲಿಮಿಟೆಡ್ ಅನ್ನುವ ಬಗೆ ಅಂದರು. ಎಕೋದಲ್ಲಿ ಶ್ವಾಸಕೋಶದ ರಕ್ತನಾಳದ ಒತ್ತಡ ಸದ್ಯ ಸರಿ ಇದೆ. ಉಸಿರಿನ ಪರೀಕ್ಷೆಯಲ್ಲಿ ಡಿಎಲ್‌ಸಿಓ ಅನ್ನುವುದು (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತದೆ ಅನ್ನುವ ಲೆಕ್ಕ) 74, ಸ್ವಲ್ಪ ಕಡಿಮೆ, ವರ್ಷ ವರ್ಷ ನೋಡಬೇಕಂತೆ. ಎಎಲ್‌ಪಿ ನಾರ್ಮಲ್. ಎಂ2 ಬಗ್ಗೆ ನಾನೇ ಕೇಳಿದೆ, 'ಇದನ್ನು ಯಾರು ಹೇಳಿಕೊಟ್ಟರು?' ಅಂದರು. ಕತ್ತಲೆ ಕೋಣೆ ಅಂದೆ. ವಿಚಿತ್ರವಾಗಿ ನೋಡಿದರು ಸಾರ್.

ರಕ್ತನಾಳ ಹಿಗ್ಗಿಸಲು ನಿಫೆಡಿಪಿನ್ ಕೊಟ್ಟಿದ್ದಾರೆ, ನಿಧಾನಕ್ಕೆ ಕರಗುವ ಬಗೆಯದು. ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಹುಣ್ಣು ಒಣಗದಿದ್ದರೆ ಇನ್ನೊಂದು ಮಾತ್ರೆ ಸೇರಿಸುತ್ತಾರಂತೆ. ನೆಗಡಿ ಬಂದರೆ ಅಂಗಡಿಯಿಂದ ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆ ತಂದು ನುಂಗಬಾರದು ಅಂದರು, ಅದೂ ರಕ್ತನಾಳ ಬಿಗಿಯುತ್ತದಂತೆ. ಹೊಗೆಸೊಪ್ಪಿನ ಡಬ್ಬಿ ಹಲ್ಲು ಡಾಕ್ಟ್ರು ಹೇಳಿದ ದಿನವೇ ನಾನು ಬಚ್ಚಿಟ್ಟಿದ್ದೆ. ಅಮ್ಮ ಇನ್ನೊಂದು ಡಬ್ಬಿಯನ್ನು ಹೂವಿನ ಬುಟ್ಟಿಯ ಕೆಳಗೆ ಇಟ್ಟುಕೊಂಡಿದ್ದಳು ಅಂತ ಮೇಡಂ ಮುಂದೆ ಬಾಯಿಬಿಟ್ಟಳು. ಜಗಳ ನಡೆಯುತ್ತಿದೆ.

ನನ್ನ ಕೈಯನ್ನೂ ನೋಡಿದರು. ಉಗುರಿನ ಬುಡ ಚೆನ್ನಾಗಿದೆ, ಬಣ್ಣ ಬದಲಾಗುವುದಿಲ್ಲ, ಪರೀಕ್ಷೆ ಬೇಡ ಅಂದರು. ಈ ಕಾಯಿಲೆ ಇರುವ ಮನೆಗಳಲ್ಲಿ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಎರಡು ಮನೆಯಲ್ಲೂ ಇಲ್ಲವಂತೆ. ಎಸಿಯಲ್ಲಿ ಎಲ್ಲರ ಕೈಯೂ ತಣ್ಣಗಾಗುತ್ತದೆ ಅಂತ ನಕ್ಕರು.

ಈಗ ಉಳಿದಿರುವುದು ಒಂದೇ ತಕರಾರು. ಕೈ ಒದ್ದೆ ಮಾಡಬೇಡಿ, ಬೆಳಗಿನ ಚಳಿಗೆ ಹೋಗಬೇಡಿ ಅಂದರು. ಮಾರ್ಕೆಟ್ಟಿಗೆ ಈಗ ತಮ್ಮ ಹೋಗುತ್ತಾನೆ. ನಾರು ನೆನೆಸಲು ಉಗುರುಬೆಚ್ಚಗಿನ ನೀರು ಫ್ಲಾಸ್ಕಿನಲ್ಲಿ ಕೊಡುತ್ತಿದ್ದೇನೆ. ಆದರೆ ಗ್ಲೌಸ್ ಹಾಕಿಕೊಂಡು ಹೂವು ಕಟ್ಟುವುದು ಹೇಗೆ? ಒಮ್ಮೆ ಹಾಕಿಕೊಂಡು ನೋಡಿದಳು, 'ಮೊಗ್ಗು ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಕಣೇ' ಅಂತ ಬಿಸಾಡಿದಳು. ಟೀಚರ್ ಮೇಡಂ, ನೀವು ಬಳಪ ಹೇಗೆ ಹಿಡಿಯುತ್ತೀರಿ?

ಗ್ಲೌಸ್ ಟೀಚರ್

ಹೆಬ್ಬೆರಳು, ತೋರುಬೆರಳು ಎರಡರ ತುದಿ ಮಾತ್ರ ಕತ್ತರಿಸಿ, ಮಿಕ್ಕ ಮೂರು ಹಾಗೇ ಬಿಡಿ. ಉಣ್ಣೆಯದಾದರೆ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ, ಸುತ್ತ ಒಂದು ಹೊಲಿಗೆ ಹಾಕಿ. ಚಳಿಗಾಲದಲ್ಲಿ ಟಿಬೆಟನ್ನರು ಸ್ವೆಟರ್ ಮಾರಲು ಬರುತ್ತಾರಲ್ಲ, ಅವರ ಹತ್ತಿರ ತೆಳು ಹೆಣಿಗೆಯದು ಸಿಗುತ್ತದೆ. ಎರಡು ಜೊತೆ ತಗೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು. ಹುಣ್ಣಿರುವ ಬೆರಳು ತೋರುಬೆರಳು ಅಂದಿರಿ ಅಲ್ವಾ? ಹಾಗಾದರೆ ಅದು ಮಾಯುವವರೆಗೆ ಬಲಗೈಯಲ್ಲಿ ನಡುಬೆರಳಿನ ತುದಿ ಕತ್ತರಿಸಿ. ಮೊದಲ ವಾರ ಗಂಟು ಸಡಿಲ ಬೀಳುತ್ತದೆ, ಬಯ್ಯುತ್ತಾರೆ, ಬಯ್ಯಲಿ. ಮಲ್ಲಿಗೆ ಬೇಡ, ಸೇವಂತಿಗೆಯಲ್ಲಿ ಶುರುಮಾಡಲು ಹೇಳಿ. ಹೂವು ದಪ್ಪ, ಕೈಗೆ ಬೇಗ ಸಿಗುತ್ತದೆ.